ಗೌಂಡಿ ಯಂಕೋಬನ ಮೈದಾಹಿಟ್ಟಿನ ಮನೆ

ನೆಲದ ಮೇಲೆ ನಿಂತದ್ದೆಲ್ಲವೂ ಶಿವನ ದಯೆಯಿಂದ ನಿಂತಿದೆ ಎಂದು ನಂಬಿದವನು ನಾನು. ದೇವದುರ್ಗದ ಗೌಂಡಿ ಯಂಕೋಬನೂ ಹಾಗೆಯೇ ನಂಬಿದವನು. ಆದರೆ ಅವನ ಪ್ರಕಾರ ಶಿವನ ದಯೆಯ ಜೊತೆಗೆ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆ ಗುಂಡೂ ಬೇಕು. ಗುಂಡು ಇಳಿಬಿಟ್ಟು ನೋಡದೆ ಅವನು ಯಾವ ಗೋಡೆಯನ್ನೂ ನಂಬುವುದಿಲ್ಲ. ರಾಯಚೂರಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯ ಮನೆಗಳನ್ನೆಲ್ಲ ಒಂದು ಕಣ್ಣು ಮುಚ್ಚಿ ನೋಡಿ, "ಅರ್ಧ ಇಂಚು ಹೊರಗ ಬಂದದ" ಎಂದು ಪಕ್ಕದ ಸೀಟಿನವರಿಗೆ ತಿಳಿಸುತ್ತಾನೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂಡುತ್ತಾರೆ. ಸತ್ಯ ಹೇಳುವವರಿಗೆ ಲೋಕದಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಇಂಥ ಯಂಕೋಬನ ಎದುರು ಬೇಕರಿಯ ಮುಕರ್ರಂ ಆಡಬಾರದ ಒಂದು ಮಾತು ಆಡಿಬಿಟ್ಟ.

ಶ್ರಾವಣದ ಎರಡನೆಯ ಸೋಮವಾರ ಯಂಕೋಬನ ಮಗಳು ದುರ್ಗಾಗೆ ಹತ್ತು ವರ್ಷ ತುಂಬುವುದಿತ್ತು. ಶನಿವಾರ ಸಂಜೆ ಅಪ್ಪ, ಮಗಳು ಬೇಕರಿಗೆ ಹೋದರು. ಮುಕರ್ರಂ ತಾನು ಮಾಡಿದ ಕೇಕುಗಳ ಫೋಟೋ ತೋರಿಸಿದ. ಕಾರಿನ ಕೇಕು, ಗೊಂಬೆಯ ಕೇಕು, ನಿವೃತ್ತರಾದ ಯಾರೋ ಸಾಹೇಬರಿಗೆ ಮಾಡಿಕೊಟ್ಟ ಕುರ್ಚಿಯ ಕೇಕು. ದುರ್ಗಾ ಯಾವುದಕ್ಕೂ ತಲೆಯಾಡಿಸಲಿಲ್ಲ. ಅವ್ವನ ಫೋನು ಅವನ ಮುಂದೆ ಹಿಡಿದಳು.

ಅದರಲ್ಲಿ ಒಂದು ಆಟ. ಚೌಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಲೋಕ ಕಟ್ಟುವ ಆಟ. ಅಲ್ಲಿ ಸೂರ್ಯ ಚೌಕ, ಮರ ಚೌಕ, ಮೇಯುವ ಕುರಿಯೂ ಚೌಕ. ದುರ್ಗಾ ಬೇಸಿಗೆ ರಜೆಯಿಡೀ ಕೂತು ಅದರಲ್ಲಿ ಒಂದು ಮನೆ ಕಟ್ಟಿದ್ದಳು. ಮೂರು ಕೋಣೆ, ಮೂಲೆಯಲ್ಲೊಂದು ಬುರುಜು, ಅಂಗಳದಲ್ಲಿ ಹಸಿರು ಹುಲ್ಲು, ಅದರಾಚೆ ರಾಕ್ಷಸರು ಒಳಗೆ ಬರದಂತೆ ಕೆಂಡದ ಕಾಲುವೆ.

"ಚಾಚಾ, ಇಂಥದ್ದss ಬೇಕು. ನಿಮ್ಮ ಅರೀಬಾಗ ಹೇಳೀನಿ, ಕ್ಲಾಸಿನ್ಯಾಗ ಎಲ್ಲಾರಿಗೂ ಹೇಳೀನಿ, ಸೋಮವಾರ ಸಂಜಿಗೆ ಬರ್ರಿ, ನನ್ನ ಮನಿ ತೋರಸ್ತೀನಿ ಅಂತ."

ಹುಡುಗಿ ಸುಮ್ಮನೆ ಹೇಳಿದ ಮಾತಲ್ಲ ಅದು. ಅವರು ಇದ್ದದ್ದು ಗಡಿಗೆಪ್ಪ ಸಾವುಕಾರರ ಮನೆಯ ಹಿತ್ತಲ ಕಡೆ, ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ. ದುರ್ಗಾ ಈವರೆಗೆ ಒಬ್ಬ ಗೆಳತಿಯನ್ನೂ ಮನೆಗೆ ಕರೆದವಳಲ್ಲ. "ಊರ ಮನಿ ಎಲ್ಲಾ ನಿಮ್ಮಪ್ಪ ಕಟ್ತಾನಂತ, ನಿಮ್ಮದ್ಯಾವ್ದು?" ಎಂದು ತರಗತಿಯಲ್ಲಿ ಒಂದು ಹುಡುಗಿ ಕೇಳಿದ್ದಳು. ಅದಕ್ಕೆ ಸಿಟ್ಟಿನಲ್ಲಿ ಕೊಟ್ಟ ಉತ್ತರವೇ ಈ ಆಮಂತ್ರಣ.

ಮುಕರ್ರಂ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ಉಸಿರುಬಿಟ್ಟ.

"ಇದು ಆಗಂಗಿಲ್ಲ ಯಂಕೋಬಣ್ಣ. ಕೇಕು ಅಂದ್ರ ಮೆತ್ತಗಿರ್ತದ. ಮೂಲಿ ಕೂಡಂಗಿಲ್ಲ, ಗ್ವಾಡಿ ನಿಂದ್ರಂಗಿಲ್ಲ. ಸಾದಾ ಕೇಕಿನ ಮ್ಯಾಲ ಇದರ ಫೋಟೋ ಅಂಟಿಸಿ ಕೊಡ್ತೀನಿ ತಗೋ."

ಬೇಕರಿಯಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಬಸಿ ಕೆಳಗಿಟ್ಟರು.

"ಗ್ವಾಡಿ ಯಾರ ಕೈಯಾಗ ನಿಂದ್ರಂಗಿಲ್ಲ?" ಎಂದ ಯಂಕೋಬ.

"ಯಾರ ಕೈಯಾಗೂ."

"ಮುಕರ್ರಂ ಭಾಯಿ, ಮಾನ್ವಿಯಾಗ ಕರಿ ಮಣ್ಣಿನ ಮ್ಯಾಲ ಎರಡು ಅಂತಸ್ತು ನಿಲ್ಲಿಸಿದ ಕೈ ಇದು. ಕರಿ ಮಣ್ಣು! ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿ ಬಂದ್ರ ಉಬ್ಬತದ. ಅದು ನನ್ನ ಮಾತು ಕೇಳ್ಯಾದ, ನಿನ್ನ ಮೈದಾಹಿಟ್ಟು ಕೇಳಂಗಿಲ್ಲೇನು? ನಾನss ಕಟ್ತೀನಿ ಬಿಡು!"

ಹೇಳಿದ ಮೇಲೆ ಮಗಳ ಕಡೆ ನೋಡಿದ. ದುರ್ಗಾ ಅಪ್ಪನ ಬೆರಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಮುಕರ್ರಂ ಒಳ್ಳೆಯವನು. ಕ್ರೀಮು, ಬಣ್ಣ, ಉಬ್ಬುವ ಪುಡಿ ಎಲ್ಲ ಕಟ್ಟಿಕೊಟ್ಟು ವಿಧಾನವನ್ನೂ ಹೇಳಿದ. "ಶ್ರಾವಣ ಅದ, ತತ್ತಿ ಬ್ಯಾಡ, ಮೊಸರು ಹಾಕು. ದೊಡ್ಡ ಡಬರಿ ತಳಕ್ಕ ಮರಳು ಹಾಸಿ ಕಾಯಿಸು, ಅದರ ಮ್ಯಾಲ ಹಿಟ್ಟಿನ ತಾಟು ಇಟ್ಟು ಮುಚ್ಚು."

"ಮರಳಂದ್ರ ಯಾವ ಮರಳು? ಗಿಲಾವಿಗೆ ಹಾಕೋದೋ, ಸ್ಲ್ಯಾಬಿಗೆ ಹಾಕೋದೋ?"

ಮೂವತ್ತು ವರ್ಷದಿಂದ ಬೇಕರಿ ನಡೆಸುತ್ತಿದ್ದ ಮುಕರ್ರಂಗೆ ಯಾರೂ ಕೇಳಿರದ ಪ್ರಶ್ನೆ ಅದು. ಅವನು ಅಂಗಡಿಯ ಒಳಗೆ ಹೋಗಿಬಿಟ್ಟ.

ಭಾನುವಾರ ದುರ್ಗಾಳನ್ನು ಮುಕರ್ರಂನ ಮಗಳು ಅರೀಬಾಳ ಜೊತೆ ಆಡಲು ಕಳಿಸಿ ಯಂಕೋಬ ಕೆಲಸಕ್ಕೆ ಕೂತ. ಅವನ ಹೆಂಡತಿ ಕಲ್ಯಾಣಿ ಶಾಲೆಯ ಬಿಸಿಯೂಟದ ಅಡುಗೆಯವಳು, ದಿನವೂ ಇನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವವಳು. ಅವಳನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಕಟ್ಟಡದ ಕೆಲಸದಲ್ಲಿ ಅಡುಗೆಯವರನ್ನು ಕೇಳುವ ಪದ್ಧತಿ ಎಲ್ಲಿದೆ?

ಕೃಷ್ಣಾ ನದಿಯ ಮರಳನ್ನು ಮೂರು ಸಲ ಸೋಸಿ ಡಬರಿಗೆ ಹಾಸಿದ. ಅದೇ ಜರಡಿಯನ್ನು ಮೈದಾ ಸೋಸಲು ಎತ್ತಿದಾಗ ಕಲ್ಯಾಣಿ ಕಸಿದುಕೊಂಡಳು. ಆಮೇಲೆ ಅವನು ಒಂದು ಬಟ್ಟಲು ಸಕ್ಕರೆಗೆ ಆರು ಬಟ್ಟಲು ಮೈದಾ ಎಣಿಸಿ ಹಾಕತೊಡಗಿದ.

"ಒಂದಕ್ಕ ಆರು ಯಾವ ಲೆಕ್ಕ ರೀ?"

"ಇಟ್ಟಂಗಿ ಗ್ವಾಡಿಗೆ ಒಂದು ಸಿಮೆಂಟಿಗೆ ಆರು ಮರಳss. ಸರಕಾರಿ ಲೆಕ್ಕ."

ಒಂದಕ್ಕೆ ಆರರ ಲೆಕ್ಕದಲ್ಲಿ ಮೊದಲ ತಾಟು ಬೆಂದಿತು. ಆರಿದ ಮೇಲೆ ಯಂಕೋಬ ಅದನ್ನು ದಾರ ಹಿಡಿದು ಇಟ್ಟಿಗೆಗಳಾಗಿ ಕತ್ತರಿಸಿದ. ಕತ್ತರಿಸಲು ಕಬ್ಬಿಣ ಕೊಯ್ಯುವ ಗರಗಸ ಬೇಕಾಯಿತು. ಎರಡು ಇಟ್ಟಿಗೆ ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದ. ಒಂದನ್ನು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟ. ಅದು ಒಡೆಯಲಿಲ್ಲ.

"ಕೇಳಿದೇನು? ಖಣ್ ಅಂತದ! ಇಂಥ ಇಟ್ಟಂಗಿ ಭಟ್ಟಿಯಾಗೂ ಸಿಗಂಗಿಲ್ಲ!"

"ಕೇಕು ಖಣ್ ಅನಬಾರದ್ರೀ," ಎಂದಳು ಕಲ್ಯಾಣಿ. "ಹತ್ತು ಮಕ್ಕಳು ಬರ್ತಾವ. ಹತ್ತೂ ಮಕ್ಕಳ ಹಲ್ಲು ನಮ್ಮ ಮನ್ಯಾಗss ಉಳೀತಾವ."

ಎರಡನೆಯ ತಾಟಿನ ಹಿಟ್ಟು ಅವಳೇ ಕಲಸಿದಳು. ಅದು ಹತ್ತಿಯಂತೆ ಉಬ್ಬಿತು, ಇಡೀ ಓಣಿಗೆ ಸಿಹಿ ವಾಸನೆ ಹರಡಿತು. ಯಂಕೋಬ ಬೆರಳಿನಿಂದ ಒತ್ತಿ ನೋಡಿ ಮುಖ ಕಿವುಚಿದ. "ಇದರ ಮ್ಯಾಲ ಭಾರ ಹ್ಯಾಂಗ ಹಾಕೋದು?" ಕೊನೆಗೆ ಗಂಡ ಹೆಂಡತಿ ರಾಜಿಯಾದರು. ಖಣ್ ಎನ್ನುವ ಇಟ್ಟಿಗೆ ಬುನಾದಿಗೆ, ಮೆತ್ತಗಿನದು ಗೋಡೆಗೆ. ಸಂಸಾರಗಳೂ ಬಹುಶಃ ಹೀಗೇ ನಿಲ್ಲುತ್ತವೆ. ಯಾವುದು ಯಾವುದರ ಕೆಳಗಿರಬೇಕು ಎಂಬುದಷ್ಟೇ ಜಗಳ.

ಸೋಮವಾರ ಯಂಕೋಬ ಕೆಲಸಕ್ಕೆ ರಜೆ ಹಾಕಿದ. ದುರ್ಗಾ ಶಾಲೆಗೆ ಹೋದ ಕೂಡಲೇ ಫೋನಿನಲ್ಲಿದ್ದ ಅವಳ ಮನೆಯನ್ನು ನೋಡಿದ. ಅವನಿಗೊಂದು ಅಭ್ಯಾಸ. ಕಾಗದದ ಮೇಲಿನ ನಕ್ಷೆ ಅವನ ತಲೆಗೆ ಹತ್ತುವುದಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ಒಳಗೆ ಅಡ್ಡಾಡಿ, ಬಾಗಿಲಲ್ಲಿ ನಿಂತು ನೋಡಿದರೇ ಅವನಿಗೆ ಮನೆ ತಿಳಿಯುವುದು. ಹೀಗಾಗಿ ಹಿತ್ತಲಿನ ಬಯಲಲ್ಲಿ ಗೂಟ ಬಡಿದು, ದಾರ ಎಳೆದು, ಉದ್ದ ಹತ್ತು ಫೂಟು, ಅಗಲ ಹತ್ತು ಫೂಟು ಸುಣ್ಣ ಸುರಿದ. ಮೂರು ಕೋಣೆ, ಬುರುಜು, ಕಾಲುವೆ, ಯಾವುದನ್ನೂ ಬಿಡಲಿಲ್ಲ. ಇಲ್ಲಿನ ಒಂದು ಫೂಟಿಗೆ ಕೇಕಿನಲ್ಲಿ ಒಂದು ಇಂಚು ಎಂಬುದು ಅವನ ಲೆಕ್ಕ.

ಗೆರೆ ಹಾಕಿದ ಮೇಲೆ ಪೂಜೆ ಮಾಡದಿರುವುದು ಹೇಗೆ? ಇಪ್ಪತ್ತು ವರ್ಷದಲ್ಲಿ ಪೂಜೆಯಿಲ್ಲದೆ ಅವನು ಒಂದು ಇಟ್ಟಿಗೆಯನ್ನೂ ಇಟ್ಟವನಲ್ಲ. ಸಿಮೆಂಟಿರಲಿ, ಮೈದಾ ಇರಲಿ, ಕಟ್ಟುವುದು ಕಟ್ಟುವುದೇ. ಈಶಾನ್ಯ ಮೂಲೆಯಲ್ಲಿ ಗಾರೆ ಹಚ್ಚುವ ಕರಣಿ ಇಟ್ಟು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದ. ಆ ಭಕ್ತಿಯಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ದೋಷವಿದ್ದದ್ದು ಪಕ್ಕದ ಗೋಡೆಯ ಎತ್ತರದಲ್ಲಿ. ಪಕ್ಕದ ಮನೆಯ ಬಸವಂತಮ್ಮನ ತಲೆ ಸರಿಯಾಗಿ ಅದರ ಮೇಲೆ ಬರುತ್ತಿತ್ತು.

"ಏನೋ ಯಂಕೋಬ, ಏನ್ ನಡಸೀದಿ?"

ಗೌಂಡಿಯೊಬ್ಬ ಕೇಕು ಮಾಡುತ್ತಿದ್ದಾನೆಂದು ಗೊತ್ತಾದರೆ ನಾಳೆ ಕೆಲಸದ ಜಾಗದಲ್ಲಿ ತಲೆಯೆತ್ತುವುದು ಹೇಗೆ?

"ಏನಿಲ್ಲ ಬಿಡ್ರೀ ಯವ್ವಾ. ಸುಮ್ನ ಹಂಗss."

"ಸುಮ್ನ ಯಾರರ ಕಾಯಿ ಒಡೀತಾರೇನೋ?"

"ಸೋಮವಾರ ಅಲ್ರೀ, ಅದಕ್ಕ."

ಬಸವಂತಮ್ಮ ಗೂಟ ನೋಡಿದಳು, ದಾರ ನೋಡಿದಳು, ಸುಣ್ಣದ ಮೂರು ಕೋಣೆ ನೋಡಿದಳು. ಮತ್ತೇನನ್ನೂ ಕೇಳಲಿಲ್ಲ. ಆಕೆ ಕೇಳುವುದನ್ನು ನಿಲ್ಲಿಸಿದಳೆಂದರೆ ಹೇಳಲು ಶುರುಮಾಡಿದಳು ಎಂದೇ ಅರ್ಥ.

ಮೊದಲ ಫೋನು ಕಲ್ಲೂರಿಗೆ, ಯಂಕೋಬನ ಅಕ್ಕ ಗೋಪಮ್ಮನಿಗೆ. "ಗೋಪಮ್ಮಾ, ನಿನ್ನ ತಮ್ಮ ಮನಿಗೆ ಬುನಾದಿ ಗೆರಿ ಹಾಕಿ ಕಾಯಿ ಒಡದಾನ. ನಿನಗ ಹೇಳಿಲ್ಲೇನ? ಅಯ್ಯ ಶಿವನss, ನಾ ಯಾಕರ ಹೇಳಿದ್ನೋ!"

ಎರಡನೆಯದು ರೈಸ್ ಮಿಲ್ಲಿನಲ್ಲಿದ್ದ ಗಡಿಗೆಪ್ಪ ಸಾವುಕಾರರಿಗೆ. "ನಿಮ್ಮ ಹಿತ್ತಲದಾಗ ಯಂಕೋಬ ಮನಿ ಕಟ್ಟಾಕತ್ತಾನ್ರೀ. ಮೂರು ಕೋಲಿ. ಮೂಲಿಗೆ ಬುರುಜಿನಂಥದ್ದು ಬ್ಯಾರೆ ಅದ. ಜಾಗಾ ಮಾರೀರೇನು?"

ಇತ್ತ ಅಡುಗೆಮನೆಯಲ್ಲಿ, ಶಹಾಬಾದಿ ಕಲ್ಲಿನ ಒಂದು ಚೌಕ ಹಲಗೆಯ ಮೇಲೆ ಕೇಕಿನ ಮನೆ ಏಳುತ್ತಿತ್ತು. ಕರಣಿಯನ್ನು ಕಲ್ಯಾಣಿ ಮೂರು ಸಲ ಬಿಸಿನೀರಲ್ಲಿ ತೊಳೆದುಕೊಟ್ಟಿದ್ದಳು. ಕ್ರೀಮನ್ನು ಗಾರೆಯಂತೆ ಹಚ್ಚಿ ಇಟ್ಟಿಗೆ ಕೂಡಿಸುತ್ತ, ಪ್ರತಿ ಸಾಲಿಗೂ ಗುಂಡು ಇಳಿಬಿಟ್ಟು ನೋಡುತ್ತ, ಯಂಕೋಬ ಉಸಿರು ಬಿಗಿಹಿಡಿದು ಕಟ್ಟಿದ. ಶೇಂಗಾ ಚಿಕ್ಕಿಯನ್ನು ಚಪ್ಪಟೆಯಾಗಿ ಹಾಸಿ ಸ್ಲ್ಯಾಬು ಹಾಕಿದ. ಕೊಬ್ಬರಿ ತುರಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡಿದ. ಕೆಂಪು ಜೆಲ್ಲಿಯನ್ನು ಕಾಲುವೆಗೆ ಹರಿಸಿದ. ಮಧ್ಯಾಹ್ನ ಬಿಸಿಯೂಟ ಮುಗಿಸಿ ಬಂದ ಕಲ್ಯಾಣಿ ಬಾಗಿಲಲ್ಲೇ ನಿಂತುಬಿಟ್ಟಳು. ಫೋನಿನಲ್ಲಿದ್ದ ಮನೆ ಕಲ್ಲಿನ ಮೇಲೆ ಎದ್ದು ನಿಂತಿತ್ತು. ಹತ್ತು ಇಂಚು, ಹತ್ತು ಇಂಚು, ಬುರುಜು ಸಮೇತ.

"ಖರೇನss ಮನಿ ಆಗ್ಯಾದಲ್ರೀ," ಎಂದಳು ಮೆಲ್ಲಗೆ.

ಅಲ್ಲಿಗೆ ಕೈತೊಳೆದು ಕೂತಿದ್ದರೆ ಈ ಕಥೆಯೂ ಮುಗಿಯುತ್ತಿತ್ತು. ಆದರೆ ಗೋಡೆ ಎದ್ದ ಮೇಲೆ ಸಿಮೆಂಟು ಗಟ್ಟಿಯಾಗಲೆಂದು ಗೌಂಡಿಯ ಕೈ ತಾನಾಗಿಯೇ ಮಾಡುವ ಕೆಲಸವೊಂದಿದೆ. ಕಲ್ಯಾಣಿ ಅತ್ತ ತಿರುಗಿ ಇತ್ತ ತಿರುಗುವುದರೊಳಗೆ ಯಂಕೋಬ ಚೊಂಬು ಎತ್ತಿ, ಬೆರಳಿನಿಂದ ಸಿಡಿಸಿ ಸಿಡಿಸಿ, ಪಡುವಣ ಗೋಡೆಗೆ ನೀರು ಹೊಡೆದಿದ್ದ.

"ಏನ್ ಮಾಡಾಕತ್ತೀರೀ!"

"ಕ್ಯೂರಿಂಗ್," ಎಂದ ಯಂಕೋಬ. ಎಂದ ಮೇಲೆ ಅವನ ಮುಖ ಬಿಳಿಚಿತು. ಗೋಡೆ ಮೆಲ್ಲಗೆ, ನಿದ್ದೆ ಬಂದ ಮುದುಕನಂತೆ, ಹೊರಗೆ ವಾಲಿತು. ಕಲ್ಯಾಣಿ ಹಾರಿ ಬಂದು ಎರಡೂ ಅಂಗೈ ಚಾಚಿ ಅದನ್ನು ತಡೆದು ಹಿಡಿದಳು.

"ಬಿಡಬ್ಯಾಡ!" ಎಂದ ಯಂಕೋಬ. "ಒಂದು ತಾಸು ಹಂಗss ಹಿಡಿ. ಒಣಗ್ತದ."

ಅಷ್ಟರಲ್ಲಿ ಹಿತ್ತಲಿಂದ ಗಡಿಗೆಪ್ಪ ಸಾವುಕಾರರ ದನಿ ಕೇಳಿತು. "ಯಂಕೋಬಾ! ಹೊರಗ ಬಾ!"

ಗಡಿಗೆಪ್ಪ ಹಣೆಯ ಮೇಲೆ ಮೂರು ಬೆರಳು ವಿಭೂತಿ ಧರಿಸಿ ಸುಣ್ಣದ ಗೆರೆಗಳ ನಡುವೆ ಚಪ್ಪಲಿ ಕಾಲಲ್ಲಿ ನಿಂತಿದ್ದರು. ಸೋಮವಾರದ ಒಪ್ಪತ್ತು ಬೇರೆ, ಹಸಿವು ಸಿಟ್ಟಿಗೆ ಹೆಗಲು ಕೊಟ್ಟಿತ್ತು. ಪಕ್ಕದಲ್ಲಿ ಪುರಸಭೆಯ ಅಮರೇಶ, ಕೈಯಲ್ಲಿ ಅಳತೆ ಟೇಪು.

"ಎಂಟು ವರ್ಷ ಮನಿ ಮಗನಂಗ ಇಟ್ಕೊಂಡಿದ್ದೆ. ನನ್ನ ಜಾಗಾದಾಗ ನನ್ನ ಕೇಳದss ಬುನಾದಿ ಹಾಕ್ತೀಯೇನೋ?"

"ಸಾವ್ಕಾರ್ರ, ಬುನಾದಿ ಅಲ್ರೀ ಇದು. ಕೇಕು ರೀ!"

"ಕೇಕಿಗೆ ಯಾರರ ಬುನಾದಿ ಗೆರಿ ಹಾಕ್ತಾರೇನೋ? ಕೇಕಿಗೆ ಕಾಯಿ ಒಡೀತಾರೇನು?"

ಅಷ್ಟರಲ್ಲಿ ಅಮರೇಶ ಟೇಪು ಬಿಡಿಸಿ ಅಳೆದೂ ಬಿಟ್ಟ. "ಹತ್ತು ಬೈ ಹತ್ತು. ಸುತ್ತ ಜಾಗಾ ಬಿಟ್ಟಿಲ್ಲ. ಮುಂದ ತೆರೆದ ಗಟಾರ ತೋರಿಸೀರಿ. ಇದಕ್ಕ ಪರ್ಮಿಷನ್ ಸಿಗಂಗಿಲ್ಲ."

"ಅದು ಗಟಾರ ಅಲ್ರೀ ಸಾಹೇಬ್ರ. ಕೆಂಡದ ಕಾಲವಿ. ರಾಕ್ಷಸರು ಬರಬಾರದಂತ."

ಅಮರೇಶ ಒಂದು ಹೆಜ್ಜೆ ಹಿಂದೆ ಸರಿದು ಗಡಿಗೆಪ್ಪನವರ ಮುಖ ನೋಡಿದ.

ಅದೇ ಹೊತ್ತಿಗೆ ಎರಡು ಬಸ್ಸು ಬದಲಿಸಿ ಕಲ್ಲೂರಿನಿಂದ ಬಂದ ಗೋಪಮ್ಮ ಹಿತ್ತಲ ಬಾಗಿಲಲ್ಲಿ ಕಂಡಳು. ಕಂಕುಳಲ್ಲಿ ಹೊಸ ಗಡಿಗೆ, ತಲೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ಉಡುಗೊರೆಯ ಸೀರೆಯಿದ್ದ ಆಯೇರಿಯ ಚೀಲ. ಅವರ ಮನೆತನದಲ್ಲಿ ತಮ್ಮ ಬುನಾದಿ ಹಾಕಿದರೆ ಮೊದಲ ಚೊಂಬು ನೀರು ಹಾಕುವ ಹಕ್ಕು ಅಕ್ಕನದು.

"ಯಾಕೋ ತಮ್ಮಾ, ನಾ ಸತ್ತೀನಂತ ತಿಳಿದಿಯೇನು? ನೀ ಮನಿ ಕಟ್ಟಿ ಹಾಲು ಉಕ್ಕಿಸಿದ ದಿನ ಆಯೇರಿ ಮಾಡಬೇಕಂತ ಈ ಸೀರಿ ಆರು ವರ್ಷದಿಂದ ಟ್ರಂಕಿನಾಗ ಇಟ್ಟೀನಿ. ಮಂದಿ ಬಾಯಿಂದ ನಾ ಕೇಳಬೇಕಾತು. ಆಕಿ ಎಲ್ಲಿ, ಕಲ್ಯಾಣಿ? ನಾ ಬಂದ್ರ ಒಂದು ಚೊಂಬು ನೀರು ಕೊಡಾಕೂ ಹೊರಗ ಬರಂಗಿಲ್ಲೇನು? ಮನಿ ಆದ ಕೂಡ್ಲೆ ದೊಡ್ಡಾಕಿ ಆದಳೇನು?"

ಒಳಗಿನಿಂದ ಕಲ್ಯಾಣಿಯ ಅಳುದನಿ ಬಂತು. "ಅಕ್ಕಾರ, ತಪ್ಪು ತಿಳೀಬ್ಯಾಡ್ರೀ! ಗ್ವಾಡಿ ಹಿಡಕೊಂಡು ನಿಂತೀನ್ರೀ! ಬಿಟ್ರ ಬೀಳ್ತದ!"

ಹಿತ್ತಲಲ್ಲಿದ್ದವರೆಲ್ಲ ಅಡುಗೆಮನೆಯ ಕಡೆ ತಿರುಗಿದರು.

"ಗ್ವಾಡಿ?" ಎಂದರು ಗಡಿಗೆಪ್ಪ. "ನನ್ನ ಮನಿ ಗ್ವಾಡಿ?"

"ಪಡುವಣ ಕಡೀದು ರೀ! ತಳ ಎಲ್ಲಾ ನೆನದು ಮೆತ್ತಗಾಗ್ಯಾದ!"

"ನಮ್ಮಪ್ಪ ಕಟ್ಟಿಸಿದ ಗ್ವಾಡಿ!" ಎಂದು ಗಡಿಗೆಪ್ಪ ಎದೆ ಹಿಡಿದುಕೊಂಡರು. ಗೋಪಮ್ಮ ಗಡಿಗೆ ಕೆಳಗಿಟ್ಟು, "ಕಲ್ಯಾಣಿ, ಗ್ವಾಡಿ ಹ್ವಾದ್ರ ಹೋಗ್ಲಿ, ನೀ ಹೊರಗ ಬಾರss ನಮ್ಮವ್ವಾ!" ಎಂದು ಕೂಗಿದಳು. ಒಂದು ನಿಮಿಷದ ಹಿಂದಿನ ಸಿಟ್ಟು ಎತ್ತ ಹೋಯಿತೋ ಆಕೆಗೇ ಗೊತ್ತಾಗಲಿಲ್ಲ. ಗೋಡೆಯ ಆಚೆಯಿಂದ ಬಸವಂತಮ್ಮ ಬಾಯಿ ಬಡಿದುಕೊಂಡಳು. ಅಮರೇಶ ಎರಡೂ ಕೈ ಚಾಚಿ, "ಯಾರೂ ಒಳಗ ಹೋಗಬ್ಯಾಡ್ರಿ, ಅಗ್ನಿಶಾಮಕದವ್ರಿಗೆ ಫೋನ್ ಹಚ್ಚಾಕತ್ತೀನಿ" ಎಂದ. ಯಂಕೋಬ ಎಲ್ಲರ ನಡುವೆ ನಿಂತು, "ಕೇಕಿನ ಗ್ವಾಡಿ ರೀ, ಮೈದಾಹಿಟ್ಟಿನ ಗ್ವಾಡಿ ರೀ" ಎಂದು ಹೇಳುತ್ತಲೇ ಇದ್ದ. ಗಾಬರಿಯಲ್ಲಿ ಅವನಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಗೋಪಮ್ಮ ಅವನ ತಲೆಗೆ ನೀರು ತಟ್ಟಿದಳು.

ಆಗ ಶಾಲೆ ಬಿಟ್ಟಿತ್ತು. ದುರ್ಗಾ, ಅರೀಬಾ, ಅವರ ಹಿಂದೆ ಎಂಟು ಹುಡುಗಿಯರು ಚೀಲ ಹೊತ್ತು ಹಿತ್ತಲಿಗೆ ಬಂದರು. ಅರೀಬಾಳ ಹಿಂದೆ ಮುಕರ್ರಂ, ಕೈಯಲ್ಲೊಂದು ಪುಟ್ಟ ಡಬ್ಬಿ. ದೊಡ್ಡವರ ಕೂಗಾಟ ದುರ್ಗಾಳ ಕಿವಿಗೆ ಬೀಳಲೇ ಇಲ್ಲ. ಆಕೆಯ ಕಣ್ಣು ನೆಲದ ಮೇಲಿತ್ತು.

"ಇದು ನನ್ನ ಮನಿ!" ಎಂದಳು.

ಯಾರೂ ಹೇಳಿಕೊಡದೆ ಸುತ್ತು ಹಾಕಿ, ಗೆರೆ ಬಿಟ್ಟಿದ್ದ ಬಾಗಿಲಿನ ಜಾಗದಿಂದಲೇ ಒಳಗೆ ಬಂದಳು. "ಇದು ನಡುಮನಿ. ಇದು ನಂದು ಕೋಲಿ. ಇಲ್ಲಿ ಬುರುಜು. ಅಂಕಲ್, ನೀವು ಕೆಂಡದಾಗ ನಿಂತೀರಿ."

ಅಮರೇಶ ಫೋನು ಕಿವಿಗೆ ಹಿಡಿದಂತೆಯೇ ಹಾರಿ ಈಚೆ ಬಂದ.

"ಸಾವ್ಕಾರ ಅಜ್ಜಾ, ನೀವು ಗ್ವಾಡಿ ತುಳದೀರಿ."

ಗಡಿಗೆಪ್ಪ ಕೆಳಗೆ ನೋಡಿ ಕಾಲು ತೆಗೆದರು. ಯಾಕೆ ತೆಗೆದರೆಂದು ಅವರಿಗೂ ಹೊಳೆಯಲಿಲ್ಲ.

ಮುಕರ್ರಂ ಯಾರ ಮಾತಿಗೂ ಕಾಯದೆ ಅಡುಗೆಮನೆಗೆ ನುಗ್ಗಿದವನು ಅಲ್ಲಿಂದಲೇ ಕೂಗಿದ. "ಯಾ ಅಲ್ಲಾ! ಯಂಕೋಬಣ್ಣ, ನಿಂದ್ರಿಸಿಯಲ್ಲೋ!" ಒಂದು ಬಟ್ಟಲು ಗಟ್ಟಿ ಕ್ರೀಮು ತಿರುವಿ, ನೆನೆದ ಇಟ್ಟಿಗೆಗಳನ್ನು ಬಿಡಿಸಿ, ಉಳಿದಿದ್ದ ಒಣ ಇಟ್ಟಿಗೆ ಕೂಡಿಸಿ, ಕಲ್ಯಾಣಿಯ ಕೈಗೆ ಬಿಡುಗಡೆ ಕೊಟ್ಟ. ತನ್ನ ಡಬ್ಬಿಯಿಂದ ಚೌಕ ಮುಖದ ಎರಡು ಸಕ್ಕರೆಯ ಕುರಿ ತೆಗೆದು ಹುಲ್ಲಿನಲ್ಲಿ ನಿಲ್ಲಿಸಿದ. ಗೌಂಡಿ, ಬೇಕರಿಯವ ಇಬ್ಬರೂ ಕಲ್ಲಿನ ಹಲಗೆಯನ್ನು ಎರಡು ಕಡೆ ಹಿಡಿದು, ದೇವರ ಪಲ್ಲಕ್ಕಿಯನ್ನು ತರುವಷ್ಟು ಮೆಲ್ಲಗೆ ಹಿತ್ತಲಿಗೆ ತಂದರು.

ಹತ್ತೂ ಹುಡುಗಿಯರು ಒಟ್ಟಿಗೆ "ಹೋ" ಎಂದರು. ತರಗತಿಯಲ್ಲಿ ಆ ಪ್ರಶ್ನೆ ಕೇಳಿದ್ದ ಹುಡುಗಿ ಎಲ್ಲರಿಗಿಂತ ಮುಂದೆ ಬಂದು ಕೂತಳು.

ದೊಡ್ಡವರೂ ಬಗ್ಗಿ ನೋಡಿದರು. ಗಡಿಗೆಪ್ಪ ಕೆಮ್ಮಿ, "ಬಾಗಿಲು ದಕ್ಷಿಣಕ್ಕ ಅದ" ಎಂದರು. ಏನಾದರೂ ಅನ್ನಬೇಕಿತ್ತು, ಅಂದರು.

ಯಂಕೋಬ ಹಲಗೆಯನ್ನು ಹಿಡಿದು ಕಾಲು ಸುತ್ತು ತಿರುಗಿಸಿದ. "ಈಗ ಪೂರ್ವಕ್ಕ ಆತು ನೋಡ್ರಿ."

ಅಮರೇಶ ಟೇಪು ಹಿಡಿದು ಬಗ್ಗಿದ. "ಹತ್ತು ಇಂಚು, ಹತ್ತು ಇಂಚು," ಎಂದು ಓದಿ, ಟೇಪು ಸುತ್ತಿ ಜೇಬಿಗಿಟ್ಟುಕೊಂಡ. ಇಷ್ಟು ಸಣ್ಣ ಕಟ್ಟಡಕ್ಕೆ ಯಾವ ನಿಯಮ ಹತ್ತುತ್ತದೆಂದು ಅವನಿಗೂ ತಿಳಿಯಲಿಲ್ಲ.

ಗೋಪಮ್ಮ ಮಾತ್ರ ಗಡಿಗೆಯ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟಿದ್ದಳು. "ಅಂದ್ರ ಮನಿ ಇಲ್ಲೇನು ತಮ್ಮಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲ ಮನೆಗಳ ಗೋಡೆಗೂ ಅರ್ಧ ಇಂಚಿನ ತಪ್ಪು ಹುಡುಕುವವನು ಅಕ್ಕನ ಎದುರು ನೆಲ ನೋಡುತ್ತ ನಿಂತ.

ಕಲ್ಯಾಣಿ ಬೇಗಬೇಗ ಚಾಕು ತಂದು ಮಗಳ ಕೈಗಿಟ್ಟಳು. ದುರ್ಗಾ ಚಾಕು ಎತ್ತಿದ್ದೇ ತಡ ಗೋಪಮ್ಮ ಎದ್ದಳು.

"ತಡಿಯss! ಶ್ರಾವಣ ಸೋಮವಾರ, ದೀಪಾ ಹಚ್ಚೋ ಹೊತ್ತು. ಎದ್ದು ನಿಂತ ಮನಿಗೆ ಚಾಕು ಹಾಕ್ತಾರೇನು?"

"ಖರೇ ಅದ," ಎಂದರು ಗಡಿಗೆಪ್ಪ. "ಈ ಹೊತ್ತಿಗೆ ಮನಿ ಕೆಡವಬಾರದು. ಹಿತ್ತಲದ ಕೊಟ್ಟಿಗಿ ಕೆಡವಾಕೂ ನಾವು ಮುಹೂರ್ತ ನೋಡಿದ್ವಿ."

"ಕೇಕು ಅಂದ್ ಮ್ಯಾಲ ಕತ್ತರಿಸಬೇಕಲ್ರೀ," ಎಂದ ಮುಕರ್ರಂ.

ಎಲ್ಲರೂ ಯಂಕೋಬನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡ. "ನಾ ಕಟ್ಟೀನಿ, ಕೆಡವಿಲ್ರೀ. ನನಗೂ ಮನಸ್ಸಾಗವಲ್ದು."

ಹುಡುಗಿಯರ ಮುಖ ಬಾಡಿತು. ಒಬ್ಬಳು ಕಣ್ಣಲ್ಲೇ ಚಿಕ್ಕಿಯ ಸ್ಲ್ಯಾಬನ್ನು ತಿನ್ನುತ್ತಿದ್ದಳು. ಇನ್ನು ಸ್ವಲ್ಪ ತಡವಾದರೆ ಅವರವರ ಮನೆಯವರು ಕರೆಯಲು ಬರುತ್ತಿದ್ದರು. ಹಬ್ಬವಿಲ್ಲದೆ ಹಬ್ಬ ಮುಗಿಯುವಂತಿತ್ತು. ದುರ್ಗಾ ಚಾಕು ಕೆಳಗಿಟ್ಟಳು.

"ಅತ್ತಿ, ಈ ಆಟದಾಗ ಒಡದದ್ದು ಹಾಳಾಗಂಗಿಲ್ಲ. ಯಾರು ಒಂದು ಇಟ್ಟಂಗಿ ಬಿಚ್ಚತಾರೋ, ಅದು ಅವರ ಚೀಲದಾಗ ಬಂದು ಬೀಳ್ತದ. ಆಮ್ಯಾಲ ಅವರು ಎಲ್ಲಿ ಬೇಕಂದ್ರ ಅಲ್ಲಿ ಮನಿ ಕಟ್ಟಬೌದು."

ಗೋಪಮ್ಮ ಹುಬ್ಬು ಗಂಟಿಕ್ಕಿದಳು. "ಒಂದೂ ಹೋಗಂಗಿಲ್ಲೇನು?"

"ಒಂದೂ ಹೋಗಂಗಿಲ್ಲ."

"ಇಂಥ ಆಟ ನಮಗ್ಯಾರೂ ಹೇಳಿಕೊಡಲಿಲ್ಲ ನೋಡು," ಎಂದರು ಗಡಿಗೆಪ್ಪ, ಯಾರಿಗೆ ಎಂದಿಲ್ಲದೆ.

ದುರ್ಗಾ ಬುರುಜಿನ ತುದಿಯಿಂದ ಎರಡು ಬೆರಳಲ್ಲಿ ಒಂದು ಇಟ್ಟಿಗೆ ಬಿಡಿಸಿ ಅತ್ತೆಯ ಅಂಗೈಯಲ್ಲಿಟ್ಟಳು. "ನಿಂದು ಮೊದಲು. ನೀ ದೂರದಿಂದ ಬಂದೀದಿ." ಆಮೇಲೆ ಅಪ್ಪನಿಗೆ, ಅವ್ವನಿಗೆ. ಆಮೇಲೆ ಹುಡುಗಿಯರು ಸಾಲಾಗಿ ಬಂದು ಒಂದೊಂದೇ ಇಟ್ಟಿಗೆ ಬಿಚ್ಚಿಕೊಂಡರು. ಬಸವಂತಮ್ಮ ಗೋಡೆಯ ಮೇಲಿಂದಲೇ ಕೈ ಚಾಚಿದಳು. ಮನೆ ಮೇಲಿನಿಂದ ಕೆಳಗೆ ಇಳಿಯುತ್ತ ಹೋಯಿತು. ಯಾರ ಮುಖದಲ್ಲೂ ಮನೆ ಕೆಡವಿದ ಕಳೆಯಿರಲಿಲ್ಲ. ನಾನು ಕಂಡಂತೆ ಪ್ರಸಾದ ಹಂಚುವಾಗಲೂ ಅಷ್ಟು ಶಾಂತವಾದ ಸಾಲು ನಿಲ್ಲುವುದಿಲ್ಲ.

ಗೋಪಮ್ಮ ಇಟ್ಟಿಗೆಯನ್ನು ತಿಂದು, ಕೈ ಒರೆಸಿಕೊಂಡು, ಆಯೇರಿಯ ಚೀಲ ಬಿಚ್ಚಿದಳು. ಆರು ವರ್ಷ ಟ್ರಂಕಿನಲ್ಲಿದ್ದ ಇಳಕಲ್ ಸೀರೆಯ ಮಡಿಕೆ ಬಿಡಿಸಿದಳು.

"ಅಕ್ಕಾರ, ಬ್ಯಾಡ್ರೀ," ಎಂದಳು ಕಲ್ಯಾಣಿ. "ನಾವು ಖರೇ ಮನಿ ಕಟ್ಟಿದಾಗ ಕೊಡ್ರಿ."

"ನಿನಗ್ಯಾರು ಕೊಟ್ರು? ಆಯೇರಿ ಮನಿ ಯಾರದೋ ಅವರಿಗೆ. ತಂದದ್ದು ಹೊಳ್ಳಿ ಒಯ್ಯಂಗಿಲ್ಲ ನಾನು." ಎಂದವಳೇ ದುರ್ಗಾಳನ್ನು ಹತ್ತಿರ ಎಳೆದು, ಶಾಲೆಯ ಸಮವಸ್ತ್ರದ ಮೇಲೆಯೇ ಸೀರೆ ಹೊದಿಸಿ, ಹಣೆಗೆ ಕುಂಕುಮ ಹಚ್ಚಿದಳು. ಆರು ಗಜದ ಸೀರೆಯೊಳಗೆ ಹುಡುಗಿಯ ಮುಖ, ಎರಡು ಬೆರಳು ಮಾತ್ರ ಕಾಣುತ್ತಿದ್ದವು.

ಆ ಸೀರೆ ಮೈಮೇಲೆ ಬಿದ್ದ ಗಳಿಗೆಯಿಂದ ದುರ್ಗಾಳ ನಡೆಯೇ ಬದಲಾಯಿತು. ಸುಣ್ಣದ ಮನೆಯೊಳಗೆ ಹೋಗಿ ಗೆಳತಿಯರನ್ನು ತನ್ನ ಕೋಣೆಯಲ್ಲಿ ಕೂಡಿಸಿದಳು. ಅತ್ತೆಯ ರೊಟ್ಟಿ ಗಂಟು, ಶೇಂಗಾ ಚಟ್ನಿ ನಡುಮನೆಗೆ ತರಿಸಿದಳು. ಅಪ್ಪನಿಗೂ ಮುಕರ್ರಂಗೂ ಬುರುಜು ಕೊಟ್ಟಳು. ಅಮರೇಶನನ್ನು ಕೆಂಡ ದಾಟಿಸಿ ಒಳಗೆ ಕರೆದಳು. ಕಲ್ಯಾಣಿ ತಾಟು ಹಂಚಿದಳು.

ಗಡಿಗೆಪ್ಪ ಸಾವುಕಾರರು ಹೊರಗೇ ಉಳಿದಿದ್ದರು. ಜಾಗ ಅವರದು, ಕಾಗದಪತ್ರ ಅವರ ತಿಜೋರಿಯಲ್ಲಿ. ಒಪ್ಪತ್ತು ಬಿಡುವ ಹೊತ್ತಾಗಿತ್ತು. ರೊಟ್ಟಿಯ ವಾಸನೆ ಬರುತ್ತಿತ್ತು. ಅವರು ಒಂದು ಸಲ ಅತ್ತಿತ್ತ ನೋಡಿದರು. ಚಪ್ಪಲಿ ಬಿಟ್ಟು ಪಕ್ಕಕ್ಕೆ ಜೋಡಿಸಿದರು. ಗೆರೆ ಬಿಟ್ಟಿದ್ದ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ನಿಂತರು.

"ಒಳಗ ಬರ್ಲೇನವ್ವಾ?"

ದುರ್ಗಾ ಜಾರುತ್ತಿದ್ದ ಸೆರಗನ್ನು ಮೇಲಕ್ಕೆ ಎಳೆದುಕೊಂಡಳು.

"ಬರ್ರಿ ಅಜ್ಜಾ," ಎಂದಳು. "ಕಾಲು ತೊಳಕೊಂಡು ಬರ್ರಿ."